ಕ್ಯಾಮೆರಾ ಯಾರ ಮುಖದ ಮೇಲೆ?

ಕೆಲವು ವರ್ಷಗಳ ಹಿಂದೆ ಹುಕ್ಕೇರಿಯ ಗೆಳೆಯನ ಮನೆಯಲ್ಲಿ ‘ಚಕ್ ದೇ! ಇಂಡಿಯಾ’ ನೋಡಿ ಅತ್ತಿದ್ದೆ. ಮೊನ್ನೆ ಗೋಕಾಕದಲ್ಲಿ ವಿದ್ಯಾರ್ಥಿಗಳೊಂದಿಗೆ ಅದನ್ನೇ ಮತ್ತೆ ನೋಡಿದಾಗ, ಮೂಡಲಗಿಯಿಂದ ಬರುವ ಖೋಖೋ ಆಟಗಾರ್ತಿಯೊಬ್ಬಳು ಕೇಳಿದಳು: “ಗೆದ್ದಾವ್ರು ಹುಡುಗ್ಯಾರು, ಕ್ಯಾಮೆರಾ ಮಾಸ್ತರನ ಮಾರಿ ಮ್ಯಾಲ ಯಾಕ ನಿಂತೈತ್ರಿ?”

ಉತ್ತರ ಚಿತ್ರಕಥೆಯಲ್ಲೇ ಇದೆ. ಕಬೀರ್ ಖಾನ್ ಪೆನಾಲ್ಟಿ ಸ್ಟ್ರೋಕ್ ಕೈತಪ್ಪಿಸಿ ದೇಶದ್ರೋಹಿ ಎನಿಸಿಕೊಳ್ಳುತ್ತಾನೆ. ಏಳು ವರ್ಷದ ಮೇಲೆ ಮಹಿಳಾ ತಂಡದ ಕೋಚ್ ಆಗಿ ಬರುತ್ತಾನೆ. ಕೊನೆಯ ಪಂದ್ಯವೂ ಸ್ಟ್ರೋಕ್‌ನಲ್ಲೇ ತೀರ್ಮಾನವಾಗಬೇಕು. ಗೋಲ್‌ಕೀಪರ್ ವಿದ್ಯಾಳಿಗೆ ಅಲುಗಬೇಡ ಎಂದು ದೂರದಿಂದ ಸನ್ನೆ ಮಾಡುವವನೂ ಅವನೇ ಆಗಬೇಕು. ಚೆಂಡು ತಡೆದವಳು ಅವಳು, ತೊಳೆದುಹೋದ ಕಳಂಕ ಮಾತ್ರ ಅವನದು. ಮೊದಲರ್ಧದಲ್ಲಿ ಎಷ್ಟೊಂದು ಜೀವಂತವಾಗಿದ್ದ ಆ ಹುಡುಗಿಯರ ಸಿಟ್ಟು, ಅವಮಾನಗಳೆಲ್ಲ ಕೊನೆಗೆ ಅವನ ಖಾತೆಗೆ ಜಮೆಯಾಗುತ್ತವೆ.

ಬದುಕು ಹೀಗೆ ಲೆಕ್ಕ ಚುಕ್ತಾ ಮಾಡುವುದಿಲ್ಲ. 1973ರ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ನಾಯಕ ನಮ್ಮ ಕೊಡಗಿನ ಎಂ.ಪಿ. ಗಣೇಶ್. 2–0 ಮುಂದಿದ್ದ ತಂಡ 2–2ಕ್ಕೆ ಇಳಿಯಿತು. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಸ್ಟ್ರೋಕ್ ಕೊಡಗಿನವರೇ ಆದ ಬಿ.ಪಿ. ಗೋವಿಂದರ ಕೈತಪ್ಪಿತು, ನೆದರ್ಲೆಂಡ್ಸ್ ಗೆದ್ದಿತು. ಗೋವಿಂದರಿಗೆ 1975ರಲ್ಲಿ ಆಟಗಾರರಾಗಿಯೇ ವಿಶ್ವಕಪ್ ದಕ್ಕಿತು. ಗಣೇಶ್ 1988ರ ಸೋಲ್ ಒಲಿಂಪಿಕ್ಸ್‌ಗೆ ಕೋಚ್ ಆಗಿ ಹೋದರು. ಭಾರತಕ್ಕೆ ಆರನೆಯ ಸ್ಥಾನ. ಈ ಆರನೆಯ ಸ್ಥಾನವನ್ನು ಯಾವ ಚಿತ್ರಕಥೆಗಾರ ಮುಟ್ಟುತ್ತಾನೆ? ಅಮೆರಿಕದ ಐಸ್ ಹಾಕಿ ಕೋಚ್ ಹರ್ಬ್ ಬ್ರೂಕ್ಸ್ ಕುರಿತ ‘ಮಿರಾಕಲ್’ ಕೂಡ 1980ರ ಚಿನ್ನಕ್ಕೆ ಕತೆ ಮುಗಿಸುತ್ತದೆ. 2002ರಲ್ಲಿ ಅವನದೇ ತಂಡ ಫೈನಲ್ ಸೋತು ಬೆಳ್ಳಿಯೊಂದಿಗೆ ಮರಳಿದ ಸಂಜೆ ನನಗೆ ಹೆಚ್ಚು ಕುತೂಹಲದ್ದು.

ನಮ್ಮ ಸೀಮೆಯವನಿಗೆ ಬೇರೊಂದು ಅಳತೆಗೋಲು ಕೈಗೆಟುಕುತ್ತದೆ. ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ರಂಗ ಬಿಟ್ಟು ಕದಲುವುದಿಲ್ಲ. ಕೆಣಕುತ್ತಾನೆ, ಅಡ್ಡಪ್ರಶ್ನೆ ಹಾಕುತ್ತಾನೆ, ಪಾತ್ರದಿಂದ ಮಾತು ಹೊರಡಿಸುತ್ತಾನೆ. ಆದರೂ ಆಟ ಸತ್ಯಭಾಮೆಯದು. ಕೌಜಲಗಿ ನಿಂಗಮ್ಮನವರ ಹೆಸರು ನನ್ನ ನಾಲಿಗೆಯ ತುದಿಯಲ್ಲಿದೆ. ಅವರೆದುರು ನಿಂತ ಭಾಗವತನ ಹೆಸರಿಗೆ ತಡವರಿಸುತ್ತೇನೆ. ಅದು ಅನ್ಯಾಯವೂ ಹೌದೇನೋ. ಆದರೆ ಶಾರುಖ್ ಖಾನ್ ಇರುವ ಚಿತ್ರಕ್ಕೆ ಆ ಭಾಗವತನ ಜಾಗ ಸಾಲುವುದಿಲ್ಲ.

ಇಷ್ಟೆಲ್ಲ ಆ ಹುಡುಗಿಗೆ ಹೇಳಲಿಲ್ಲ. “ಕಡೀ ಸೀನ್ ಮತ್ತೊಮ್ಮೆ ಹಾಕ್ರಿ” ಎಂದಳು, ಹಾಕಿದೆ. ಈ ಸಲ ಇಬ್ಬರೂ ವಿದ್ಯಾಳನ್ನೇ ನೋಡಿದೆವು.