ಪಡಸಾಲೆಯಲ್ಲಿ ನಿಂತು ಆರಿಸಬೇಕಾದ ಲೆನ್ಸ್

ಲಿಂಗಸುಗೂರು ಹತ್ತಿರದ ಒಂದು ಹಳ್ಳಿಯ ಮದುವೆ ಆಲ್ಬಮ್ಮು ನನ್ನ ಮುಂದಿದೆ. 12×36ರ ದಪ್ಪ ಹಾಳೆಗಳು. ಮಂಟಪದ ಚಿತ್ರಗಳು, ಅಕ್ಕಿಕಾಳು, ಊಟದ ಪಂಕ್ತಿ ಎಲ್ಲವೂ ಒಪ್ಪವಾಗಿವೆ. ಹಿಂದಿನ ದಿನ ಮನೆಯಲ್ಲಿ ಅರಿಶಿನ ಹಚ್ಚಿದ ಪುಟಗಳಿಗೆ ಬಂದರೆ ಮಾತ್ರ ಉಸಿರು ಕಟ್ಟುತ್ತದೆ. ಮದುಮಗಳ ಬಲಕ್ಕೆ ಕೂತ ಅಜ್ಜಿಯ ಮುಖ ಅರ್ಧಕ್ಕೇ ನಿಂತಿದೆ. ಎಡಕ್ಕೆ ಸೋದರತ್ತೆಯ ಕೈ ಇದೆ, ಸೋದರತ್ತೆ ಇಲ್ಲ. ತೆಗೆದ ಹುಡುಗ ಕೈ ಕಚ್ಚಾ ಇರುವವನಲ್ಲ, ಗಳಿಗೆ ಹಿಡಿಯುವುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಅವನ ಕ್ರಾಪ್ ಬಾಡಿಯ ಮೇಲಿದ್ದದ್ದು 24-105. ಬೆನ್ನು ಗೋಡೆಗೆ ಹತ್ತಿದ ಮೇಲೆ ಹಿಂದೆ ಸರಿಯಲು ಅವನಿಗೆ ಜಾಗವೇ ಉಳಿದಿರಲಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತ ಕ್ಯಾಮೆರಾ ಹಿಡಿದು ಬದುಕುವವರಲ್ಲಿ ಈ ಆಯ್ಕೆ ರೂಢಿಯಾಗುತ್ತಿರುವುದನ್ನು ನೋಡುತ್ತಿದ್ದೇನೆ. ಇದು ತಪ್ಪು ಆಯ್ಕೆ ಎಂಬುದು ನನ್ನ ತೀರ್ಮಾನ. ಕಾರಣ ಹೇಳುತ್ತೇನೆ.

ಕ್ರಾಪ್ ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದು. ಕ್ಯಾನನ್‌ನಲ್ಲಿ ಅದರ ಅಗಲ ಸುಮಾರು 22.3 ಮಿ.ಮೀ., ನಿಕಾನ್, ಸೋನಿ, ಫ್ಯೂಜಿಗಳಲ್ಲಿ 23.5ರ ಆಸುಪಾಸು. ಲೆನ್ಸ್ ತಂದುಕೊಡುವ ನೋಟದ ನಡುಭಾಗವನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ. ಹಾಗಾಗಿ ಫುಲ್ ಫ್ರೇಮಿನಲ್ಲಿ ಅಗಲವಾಗಿ ಕಾಣುವ 24 ಮಿ.ಮೀ. ಕ್ಯಾನನ್ ಕ್ರಾಪ್ ಬಾಡಿಗೆ ಬಂದಾಗ 38ರಂತೆ ವರ್ತಿಸುತ್ತದೆ. ಲೆಕ್ಕವನ್ನು ನಮ್ಮ ಪಡಸಾಲೆಗೆ ತಂದು ನೋಡೋಣ. ಹತ್ತು ಅಡಿ ದೂರದಲ್ಲಿ ನಿಂತರೆ 24ರಲ್ಲಿ ಒಂಬತ್ತು ಅಡಿ ಚಿಲ್ಲರೆ ಅಗಲ ಸಿಗುತ್ತದೆ, 18ರಲ್ಲಿ ಹನ್ನೆರಡು ಅಡಿ ದಾಟುತ್ತದೆ, 17ರಲ್ಲಿ ಹದಿಮೂರು. ಹೆಗಲಿಗೆ ಹೆಗಲು ಹಚ್ಚಿ ಕೂತ ಒಬ್ಬರಿಗೆ ಒಂದೂಮುಕ್ಕಾಲು ಅಡಿ ಎಂದುಕೊಂಡರೆ, 24ಕ್ಕೂ 18ಕ್ಕೂ ನಡುವೆ ಇಬ್ಬರು ಮನುಷ್ಯರ ಅಂತರ. ಆ ಆಲ್ಬಮ್ಮಿನಲ್ಲಿ ತಪ್ಪಿಹೋದ ಇಬ್ಬರು ಇವರೇ.

ಈ ಮಾತು ಹೇಳಿದಾಗ ಸಿಂಧನೂರಿನ ಹುಡುಗನೊಬ್ಬ, “ಅಣ್ಣಾ, ದೊಡ್ಡ ಲೆನ್ಸ್ ಇದ್ರ ಮಂದಿ ನಂಬ್ತಾರ, ರೇಟಿಗೂ ಒಪ್ಕೊಂತಾರ” ಎಂದ. ಅವನ ಮಾತನ್ನು ನಾನು ತಳ್ಳಿಹಾಕಲಾರೆ. ಹೊಟ್ಟೆಪಾಡಿನ ಕೆಲಸದಲ್ಲಿ ನಂಬಿಕೆಯೂ ಬಂಡವಾಳ. “ಮುಂದೆ ಫುಲ್ ಫ್ರೇಮ್ ತಗೊಂಡ್ರ ಇದೇ ನಡಿತೈತಿ” ಎಂಬುದು ಅವನ ಎರಡನೇ ವಾದ. ಆ ಮುಂದೆ ಬರುವ ತನಕ ಎಷ್ಟು ಮನೆಗಳ ಅಜ್ಜಿಯರು ಚೌಕಟ್ಟಿನ ಹೊರಗೆ ಉಳಿಯಬೇಕು? ಇಂದಿನ ಬಾಡಿಗೆ ಇಂದಿನ ಲೆನ್ಸ್ ಬೇಕು. ಮಾರಿ ಬೇರೆಯದನ್ನು ಕೊಳ್ಳುವುದು ನಾಳೆಯ ಕೆಲಸ.

ಹಾಗಾದರೆ ಕ್ಯಾಮೆರಾದ ಜೊತೆಗೇ ಬರುವ 18-55 ಸಾಲದೇ? ಬಯಲಿಗೆ ಖಂಡಿತ ಸಾಕು. ಈ ಕಿಟ್ ಲೆನ್ಸನ್ನು ಅಗ್ಗದ ಪ್ಲಾಸ್ಟಿಕ್ಕೆಂದು ಹೀಗಳೆಯುವುದು ಅನ್ಯಾಯ. ಕ್ಯಾನನ್ 2013ರಲ್ಲಿ ತಂದ ಎಸ್‌ಟಿಎಂ ಮಾದರಿ ಕಾಲು ಕಿಲೋಗೂ ಕಡಿಮೆ ತೂಗುತ್ತದೆ, ಒಂದು ಗೇಣು ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ನಡೆಯುವಾಗ, ಮಸ್ಕಿ ಮಲ್ಲಯ್ಯನ ಗುಡ್ಡದ ನೆತ್ತಿಯಿಂದ ಊರನ್ನು ತೆಗೆಯುವಾಗ, ಅಪರ್ಚರ್ ಎಫ್/8ಕ್ಕೆ ಇಟ್ಟರೆ ಅದರ ಚಿತ್ರವನ್ನೂ ನಾಲ್ಕು ಪಟ್ಟು ಬೆಲೆಯ ಲೆನ್ಸಿನ ಚಿತ್ರವನ್ನೂ ಆಲ್ಬಮ್ಮಿನ ಹಾಳೆಯಲ್ಲಿ ಬೇರೆ ಮಾಡುವುದು ಕಷ್ಟ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ.

ಬರ ಇರುವುದು ಒಳಮನೆಯ ಬೆಳಕಿಗೆ. ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ಒಂದು ಟ್ಯೂಬ್‌ಲೈಟು. ಅಲ್ಲಿ ಐಎಸ್‌ಒ 1600ರಲ್ಲಿ, ಎಫ್/2.8 ತೆರೆದರೆ ಶಟರಿಗೆ 1/125 ಸಿಕ್ಕಿತೆಂದಿಟ್ಟುಕೊಳ್ಳಿ. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದು ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಶಟರು 1/30ಕ್ಕೆ ಬೀಳುತ್ತದೆ. ಇಲ್ಲವೇ ಐಎಸ್‌ಒ 6400ಕ್ಕೆ ಏರಿಸಿ ಮುಖದ ಮೇಲಿನ ಅರಿಶಿನ ರವೆರವೆಯಾಗಿ ಒಡೆಯುವುದನ್ನು ಸಹಿಸಬೇಕು. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ತೆಗೆಯುವವನ ಕೈನಡುಕವನ್ನು ತಡೆಯುತ್ತದೆ. ಅರಿಶಿನ ಹಚ್ಚುವ ಚಿಗಮ್ಮನ ಕೈಯನ್ನು ಅದು ನಿಲ್ಲಿಸಲಾರದು. ಫ್ಲ್ಯಾಷ್ ಹಾಕಿದರೆ ಕೈ ನಿಲ್ಲುತ್ತದೆ, ಆದರೆ ಕಿಟಕಿಯಿಂದ ಬಂದು ಕೆನ್ನೆಯ ಮೇಲೆ ಕೂತಿದ್ದ ಬೆಳಕು ಹೋಗುತ್ತದೆ. ಮುದಗಲ್ಲಿನ ಮೊಹರಂಗೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ರಾತ್ರಿಗಳಲ್ಲಿ ಅಲಾಯಿ ದೇವರುಗಳ ಮುಂದೆ ಹಿಂದೂ ಮುಸ್ಲಿಂ ಎನ್ನದೆ ಜನ ಒತ್ತಿಕೊಂಡಿರುವಾಗ, ಬೆಂಕಿಯ ಕೆಂಪು ಮುಖಗಳ ಮೇಲಿರುವಾಗ, ಫ್ಲ್ಯಾಷ್ ಹೊಡೆದು ಬಿಳಿಚಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನಾನು ನಿಲ್ಲುವುದು 17-50 ಎಫ್/2.8ರ ಕಡೆಗೆ. ಟ್ಯಾಮ್ರಾನ್ ಇದನ್ನು 2006ರಲ್ಲಿ ತಂದಿತು, ಸ್ಟೆಬಿಲೈಸರ್ ಇರುವ ಸಿಗ್ಮಾ 2010ರಲ್ಲಿ ಬಂತು. ಕ್ಯಾನನ್ನಿನದೇ 17-55 ಎಫ್/2.8 ಕೂಡ ಇದೇ ವರ್ಗದ್ದು, ಆದರೆ 645 ಗ್ರಾಂ ಭಾರ. ಜೂಮ್ ಎಲ್ಲಿಗೆ ತಿರುಗಿಸಿದರೂ ಇವುಗಳ ಅಪರ್ಚರ್ ಬದಲಾಗುವುದಿಲ್ಲ. ಮ್ಯಾನುವಲ್‌ನಲ್ಲಿ ಒಮ್ಮೆ ಬೆಳಕು ಹೊಂದಿಸಿಕೊಂಡರೆ ಜೂಮ್ ಮಾಡಿದಾಗಲೆಲ್ಲ ಮತ್ತೆ ಹೊಂದಿಸುವ ಗೋಜಿಲ್ಲ, ವಿಡಿಯೊ ತೆಗೆಯುವವರಿಗಂತೂ ಇದು ದೊಡ್ಡ ನೆಮ್ಮದಿ. ಮಿರರ್‌ಲೆಸ್‌ಗೆ ಹೋದವರಿಗೆ ಸಿಗ್ಮಾದ 18-50 ಎಫ್/2.8 ಇದೆ. 2021ರಲ್ಲಿ ಬಂದ ಅದರ ತೂಕ 300 ಗ್ರಾಂ ಒಳಗೆ, ಆದರೆ ಸ್ಟೆಬಿಲೈಸರ್ ಇಲ್ಲ. ಸೋನಿ, ಫ್ಯೂಜಿಗಳಿಗೆ ಸಿಗುವ ಟ್ಯಾಮ್ರಾನ್ 17-70 ಎಫ್/2.8ರಲ್ಲಿ ಅದೂ ಇದೆ, 70ರ ತನಕ ಹೋಗುವುದರಿಂದ ವೇದಿಕೆಯ ಮೇಲಿನ ಮುಖಗಳೂ ಹತ್ತಿರ ಬರುತ್ತವೆ. ಹೊಸದಾಗಿ ಹಣ ಹಾಕುವವನಿಗೆ ನಾನು ಮೊದಲು ತೋರಿಸುವುದು ಇದನ್ನೇ. 18-135, 18-140ಗಳು ಜಾತ್ರೆಯ ತೇರಿಗೆ ಅನುಕೂಲ, ಒಳಮನೆಗೆ ಕಿಟ್ ಲೆನ್ಸಿನಷ್ಟೇ ಕತ್ತಲೆ.

ಮಸ್ಕಿಯ ಶಾಸನದ ಮಾತನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ನನ್ನ ಆಯ್ಕೆಯ ಮಿತಿ ನನಗೆ ತಿಳಿದದ್ದು ಅಂಥ ಚಿತ್ರಗಳಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುರುತಿಸಿದ, ಅಶೋಕನ ಸ್ವಂತ ಶಾಸನಗಳಲ್ಲಿ ಅವನ ಹೆಸರನ್ನೇ ಮೊದಲ ಬಾರಿಗೆ ತೋರಿಸಿಕೊಟ್ಟ ಆ ಬ್ರಾಹ್ಮಿ ಅಕ್ಷರಗಳು ಗುಡ್ಡದ ಬಂಡೆಗಳ ನಡುವೆ ಇವೆ. ಇಂಥ ಇಕ್ಕಟ್ಟಿನಲ್ಲಿ 17ಕ್ಕೆ ತಿರುಗಿಸಿದರೆ ಬಂಡೆಯೇನೋ ಪೂರ್ತಿ ಸಿಗುತ್ತದೆ, ಆದರೆ ಅಂಚಿನ ಸಾಲುಗಳು ಬಿಲ್ಲಿನಂತೆ ಬಾಗುತ್ತವೆ. ಸಾಮಾನ್ಯ ಜೂಮ್‌ಗಳ ಅಗಲ ತುದಿಯಲ್ಲಿ ಈ ಬಾಗು ಇದ್ದೇ ಇರುತ್ತದೆ. ಅಕ್ಷರ ಓದುವಂತಿರಬೇಕಾದರೆ 35ರ ಸುತ್ತ ಇಟ್ಟು, ಭಾಗಭಾಗವಾಗಿ ತೆಗೆಯಬೇಕು. ಅಲ್ಲಿ ಎಫ್/2.8 ಕೂಡ ಉಪಯೋಗಕ್ಕೆ ಬಾರದು. ಉಬ್ಬುತಗ್ಗಿನ ಬಂಡೆಯೆಲ್ಲ ಸ್ಪಷ್ಟವಾಗಲು ಎಫ್/8 ಬೇಕು, ಟ್ರೈಪಾಡ್ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಬದಿಯಿಂದ ಓರೆಯಾಗಿ ಬೀಳುವ ಬೆಳಕು ಬೇಕು. ನೇರ ಫ್ಲ್ಯಾಷ್ ಹೊಡೆದರೆ ಕೊರೆತದೊಳಗಿನ ನೆರಳು ಅಳಿಸಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಅಕ್ಷರ ಬರೀ ಕಲ್ಲಾಗಿಬಿಡುತ್ತದೆ. ಕಿಟ್ ಲೆನ್ಸ್ ಇದ್ದವನೂ ಹೀಗೆ ನಿಂತರೆ ಒಳ್ಳೆಯ ಚಿತ್ರ ತೆಗೆಯಬಲ್ಲ.

ಇನ್ನು ನಮ್ಮ ಧೂಳು. ಭತ್ತ ಕೊಯ್ಯುವ ಮಷಿನ್ ಗದ್ದೆಗಿಳಿದ ದಿನಗಳಲ್ಲಿ ಸಿಂಧನೂರಿನ ರಸ್ತೆಯಲ್ಲಿ ನಿಂತು ಲೆನ್ಸ್ ಬದಲಿಸಿದರೆ ಸೆನ್ಸರಿನ ಮೇಲೆ ಹೊಟ್ಟಿನ ಪುಡಿ ಕೂತಿರುತ್ತದೆ. 50 ಎಫ್/1.8ರಂಥ ಎರಡು ಮೂರು ಸಿಂಗಲ್ ಲೆನ್ಸುಗಳು ಬೆಳಕಿಗೆ ಇನ್ನೂ ಒಳ್ಳೆಯವೆಂದು ಗೊತ್ತಿದ್ದೂ ನಾನು ಜೂಮನ್ನೇ ಹೇಳುವುದು ಇದಕ್ಕೆ. ಬೆಳಿಗ್ಗೆ ಮನೆಯಲ್ಲಿ ಹಾಕಿದ ಲೆನ್ಸನ್ನು ರಾತ್ರಿ ಮನೆಯಲ್ಲೇ ತೆಗೆಯುವಂತಿರಬೇಕು.

ಹಳೆಯ 17-50ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ ನಮ್ಮಲ್ಲಿ ಹೆಚ್ಚು, ಅದರಲ್ಲಿ ತಪ್ಪೇನಿಲ್ಲ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿತ್ರಕ್ಕೆ ಏನೂ ಆಗದು, ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ಕೊಳ್ಳಬೇಡಿ. ತೇವದ ಸೀಮೆಯಿಂದ ಬಂದ ಲೆನ್ಸುಗಳಲ್ಲಿ ಅದರ ಭಯ ಹೆಚ್ಚು. ಜೂಮ್ ರಿಂಗ್ ತಿರುಗಿಸುವಾಗ ಮರಳು ಉಜ್ಜಿದಂತೆ ಸದ್ದಾದರೂ ಬಿಟ್ಟುಬಿಡಿ. ಕೊನೆಗೆ ಎಫ್/2.8ರಲ್ಲೇ, 17ರಲ್ಲೂ 50ರಲ್ಲೂ, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಯೊಂದನ್ನು ತೆಗೆದು ನಾಲ್ಕೂ ಮೂಲೆಯ ಅಕ್ಷರ ಓದಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ ಎಂದೇ ಅರ್ಥ, ಅದರ ಜೊತೆ ಚೌಕಾಸಿಯೂ ಬೇಡ.

ಹಣ ಕೊಡುವ ಮುಂಚೆ ಇನ್ನೊಂದು ಕೆಲಸ. ನಿಮ್ಮ ಕಳೆದ ನಾಲ್ಕು ಮದುವೆಗಳ ಫೈಲುಗಳನ್ನು ಕಂಪ್ಯೂಟರಿಗೆ ಹಾಕಿ, ಯಾವ ಚಿತ್ರ ಎಷ್ಟು ಮಿ.ಮೀ.ನಲ್ಲಿ ತೆಗೆದದ್ದೆಂದು ನೋಡಿ. ನಾನು ನೋಡಿದಾಗ ಮನೆಯೊಳಗಿನ ಚಿತ್ರಗಳು 18ರಲ್ಲೇ ರಾಶಿ ಬಿದ್ದಿದ್ದವು. ಇನ್ನೂ ಹಿಂದೆ ಸರಿಯಬೇಕಿತ್ತು, ಲೆನ್ಸು ಅಲ್ಲಿಗೇ ಮುಗಿದಿತ್ತು.