ತತ್ವಪದಗಳಲ್ಲಿ ರೂಪಕದ ಕಾರ್ಯ: ಶಿಶುನಾಳ ಶರೀಫರ ಎರಡು ಪದಗಳ ಹಿನ್ನೆಲೆಯಲ್ಲಿ

ಅಲಂಕಾರವೆಂದರೆ ಸಿದ್ಧ ಅರ್ಥಕ್ಕೆ ತೊಡಿಸಿದ ಒಡವೆ ಎಂಬ ಭಾವನೆ ಹಾಡುಗಳ ವಿಮರ್ಶೆಯಲ್ಲಿ ಇನ್ನೂ ಉಳಿದಿದೆ. ತತ್ವಪದಗಳ ವ್ಯಾಖ್ಯಾನದಲ್ಲಿ ಅದು ಬೇರೊಂದು ರೂಪ ತಾಳುತ್ತದೆ. ಮನೆಯೆಂದರೆ ದೇಹ, ಮಳೆಯೆಂದರೆ ಸಂಸಾರ ಎಂದು ಪ್ರತಿ ಶಬ್ದಕ್ಕೂ ಪಾರಮಾರ್ಥಿಕ ಸಮಾನಾರ್ಥವನ್ನು ಹೊಂದಿಸಲಾಗುತ್ತದೆ. ಈ ಪಟ್ಟಿ ಪೂರ್ಣವಾದೊಡನೆ ಹಾಡೇ ಅನಗತ್ಯವೆನಿಸುತ್ತದೆ. ಶಿಶುನಾಳ ಶರೀಫರ (1819–1889) ಎರಡು ಪ್ರಸಿದ್ಧ ಪದಗಳು ಈ ವಿಧಾನದ ಮಿತಿಯನ್ನು ಸ್ಪಷ್ಟಪಡಿಸುತ್ತವೆ.

ಮಾಳಿಗೆ ಸೋರುವುದನ್ನು ಕುರಿತ ಪದದಲ್ಲಿ ವಾಚ್ಯಾರ್ಥಕ್ಕೆ ಬಾಧೆಯೇ ಇಲ್ಲ. ಹುಳುಕು ಹಿಡಿದ ಜಂತಿ, ಸಡಿಲಿದ ಕೀಲು, ಮಾಳಿಗೆಯ ಮೇಲೆ ಬೆಳೆದ ಕರಿಕೆ, ಮುತ್ತಿದ ಇರುವೆ ಇವೆಲ್ಲ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಳಿದವರಿಗೆ ಪರಿಚಿತ ಸಂಗತಿಗಳು. ಸೋರಿಕೆಗೆ ಅಜ್ಞಾನವೇ ಕಾರಣವೆಂದು ಕವಿ ಆರಂಭದಲ್ಲಿಯೇ ಹೇಳಿಬಿಡುತ್ತಾನೆ. ಆದುದರಿಂದ ಇಲ್ಲಿ ಬಿಡಿಸಬೇಕಾದ ಒಗಟಿಲ್ಲ. ದುರಸ್ತಿಗೆಂದು ಮೇಲೇರಲೂ ಆಗದ ಮನೆಯೊಡೆಯನ ಅಸಹಾಯಕತೆಯನ್ನು ರೂಪಕವು ಅನುಭವಕ್ಕೆ ತರುತ್ತದೆ. 'ಅಜ್ಞಾನ' ಎಂಬ ಶಾಸ್ತ್ರೀಯ ಶಬ್ದವೊಂದೇ ಈ ಆತಂಕವನ್ನು ಮೂಡಿಸಲಾರದು.

ಕೋಳಿಯು ಕೋಡಗವನ್ನು ನುಂಗುವ ಪದದ ದಾರಿ ಇದಕ್ಕೆ ತೀರ ಭಿನ್ನವಾದುದು. ಆಡು ಆನೆಯನ್ನು ನುಂಗುವಲ್ಲಿ ಮುಖ್ಯಾರ್ಥಬಾಧೆ ಸ್ಪಷ್ಟ. ವಚನಕಾರರ ಬೆಡಗಿನ ಪರಂಪರೆ ಇಲ್ಲಿ ಮುಂದುವರಿದಿದೆ. ಆದರೆ ಅದೇ ಸಾಲಿನಲ್ಲಿ ಗೋಡೆಯು ಸುಣ್ಣವನ್ನು ನುಂಗುತ್ತದೆ. ಇದು ನಿತ್ಯ ಕಾಣುವ ಸಂಗತಿ. ಕುಣಿಯಲು ಬಂದವಳನ್ನು ಮದ್ದಳೆ ನುಂಗುವುದಂತೂ ಅಸಂಭವವೂ ಹೌದು, ಕಲೆಯಲ್ಲಿ ಕಲಾವಿದೆ ಲೀನಳಾಗುವ ಸತ್ಯವೂ ಹೌದು. ಕಡೆಯಲ್ಲಿ ಗುರು ಗೋವಿಂದರ ಪಾದವು ಹಾಡುವವನನ್ನೇ ನುಂಗುತ್ತದೆ. ಅಲ್ಲಿಯವರೆಗೆ ವಿನೋದವಾಗಿ ಕೇಳಿಸಿದ ಕ್ರಿಯಾಪದ ಅಹಂಕಾರದ ಲಯವನ್ನು ಸೂಚಿಸುವ ಮಾತಾಗಿ ಮಾರ್ಪಡುತ್ತದೆ. ಕೋಳಿ, ಆಡುಗಳಿಗೆ ಬೇರೆ ಬೇರೆ ಅರ್ಥ ಹಚ್ಚುವ ಪಟ್ಟಿಗೆ ಈ ಪರಿವರ್ತನೆ ನಿಲುಕುವುದಿಲ್ಲ. ಏಕೆಂದರೆ ರೂಪಕದ ಜೀವ ನಾಮಪದಗಳಲ್ಲಿಲ್ಲ, 'ನುಂಗು' ಎಂಬ ಒಂದು ಧಾತುವಿನಲ್ಲಿದೆ.

ಈ ಪರಿಣಾಮದಲ್ಲಿ ಹಾಡಿನ ರಚನೆಯ ಪಾತ್ರವೂ ಮಹತ್ವದ್ದು. ಓದುಗನಂತೆ ಕೇಳುಗನು ಹಿಂದಿನ ಪುಟಕ್ಕೆ ಮರಳಲಾರ. ಅವನಿಗಾಗಿ ಪಲ್ಲವಿಯೇ ಮರಳಿ ಬರುತ್ತದೆ. ಪ್ರತಿ ನುಡಿಯ ಬಳಿಕ ಅದೇ ಮಾತು ಹೆಚ್ಚಿದ ಅರ್ಥಭಾರದೊಡನೆ ಕೇಳಿಸುತ್ತದೆ. ಕೊನೆಯ ನುಡಿಯಾದ ಮೇಲೆ ಬರುವ ಪಲ್ಲವಿಯಲ್ಲಿ ಶಬ್ದಗಳು ಮೊದಲಿನವೇ ಆಗಿದ್ದರೂ ಅರ್ಥ ಮೊದಲಿನದಲ್ಲ.

ಹೀಗೆ ಒಂದು ಪದದಲ್ಲಿ ವಾಸ್ತವವೇ ರೂಪಕವಾಗಿ ಬೆಳೆದರೆ, ಇನ್ನೊಂದರಲ್ಲಿ ಅಸಂಭವವೇ ಅನುಭಾವದ ಸತ್ಯವಾಗಿ ನೆಲೆಗೊಳ್ಳುತ್ತದೆ. ಎರಡನ್ನೂ ಒಂದೇ ಸಂಕೇತಕೋಶದಿಂದ ಅರ್ಥೈಸುವುದು ಉಚಿತವಲ್ಲ. ಬಾಯಿಂದ ಬಾಯಿಗೆ ಹರಿದುಬಂದ ಈ ಪದಗಳ ಪಾಠಾಂತರಗಳನ್ನು ಪರಿಷ್ಕರಿಸುವವರಿಗೂ ಈ ವಿವೇಚನೆ ಅಗತ್ಯ. ನುಡಿಗಳ ಕ್ರಮ ಬದಲಾದರೆ ಅರ್ಥ ಮಾಗುವ ಕ್ರಮವೂ ಬದಲಾಗುತ್ತದೆ.