ಅಣ್ಣ ಸಂಪಾದಿಸಿದ ತಂಗಿಯ ದನಿ

ಕಳೆದ ದಸರಾ ರಜೆಗೆ ಊರಿಗೆ ಹೋಗುವಾಗ ಚಿಕ್ಕಪ್ಪನಿಗೆಂದು ಒಂದು ಉಡುಗೊರೆ ಒಯ್ದಿದ್ದೆ. ಹಳೆಯ ಸಿ.ಡಿ. ಮಾರುವವರೊಬ್ಬರ ಹತ್ತಿರ ಸಿಕ್ಕಿದ, ಕಾರ್ಪೆಂಟರ್ಸ್ ಜೋಡಿಯ ‘ಫ್ರಮ್ ದ ಟಾಪ್’ ಎಂಬ ನಾಲ್ಕು ಸಿ.ಡಿ.ಗಳ ಪೆಟ್ಟಿಗೆ ಅದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಚಿಕ್ಕಪ್ಪ ಕೊಂಡಿದ್ದ ಇವರ ಒಂದೇ ಒಂದು ಕ್ಯಾಸೆಟ್ಟನ್ನು ಕೇಳುತ್ತಲೇ ನಾವೆಲ್ಲ ದೊಡ್ಡವರಾದದ್ದು. ಇಂಗ್ಲಿಷ್ ಸರಿಯಾಗಿ ಬರುವ ಮೊದಲೇ ಆ ಹಾಡುಗಳು ನನಗೆ ಬಾಯಿಪಾಠವಾಗಿದ್ದವು.

ಸಿ.ಡಿ. ಹಾಕಿ ಇಬ್ಬರೂ ಕೂತೆವು. ನಾಲ್ಕೈದು ಪರಿಚಿತ ಹಾಡುಗಳಾದ ಮೇಲೆ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು, “ಇದು ಆ ಹಾಡಲ್ಲ ಕಣೋ” ಎಂದರು. ದನಿ ಅದೇ, ರಾಗ ಅದೇ, ಇನ್ನೇನು ಚಿಕ್ಕಪ್ಪ ಎಂದೆ. “ದನಿ ಅದೇ. ಅದರ ಸುತ್ತ ಇರೋದು ಬೇರೆ. ಯಾರೋ ಮನೆಗೆ ಸುಣ್ಣಬಣ್ಣ ಮಾಡಿಸಿದಾರೆ.”

ನನ್ನ ಪಿಎಚ್.ಡಿ. ಇರುವುದು ಹಸ್ತಪ್ರತಿಗಳ ಪಾಠಾಂತರಗಳ ಮೇಲೆ. ‘ಇದು ಅದಲ್ಲ’ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಬಿಡುವ ಹಾಗಿಲ್ಲ. ಹುಡುಕಿ ನೋಡಿದೆ. ಚಿಕ್ಕಪ್ಪನ ಕಿವಿ ಸುಳ್ಳು ಹೇಳಿರಲಿಲ್ಲ. ಈ ಪೆಟ್ಟಿಗೆಯ ಎಷ್ಟೋ ಹಾಡುಗಳು ಮೊದಲು ಹೊರಬಂದ ರೂಪದಲ್ಲಿಲ್ಲ. ಹಳೆಯ ಮೂಲ ಟೇಪುಗಳನ್ನು ತೆಗೆದು, ವಾದ್ಯಗಳ ಪ್ರಮಾಣ ಬದಲಿಸಿ, ಮತ್ತೆ ಮಿಶ್ರಣ ಮಾಡಿದವು ಅವು. ಮಾಡಿದವನು ಅಣ್ಣ ರಿಚರ್ಡ್ ಕಾರ್ಪೆಂಟರ್. ಪೆಟ್ಟಿಗೆ ಬಂದದ್ದು 1991ರಲ್ಲಿ. ತಂಗಿ ಕರೆನ್ ತೀರಿಕೊಂಡು ಆಗ ಎಂಟು ವರ್ಷವಾಗಿತ್ತು.

ಕನ್ನಡದಲ್ಲಿ ‘ಸಂಪಾದನೆ’ ಎಂಬ ಒಂದೇ ಪದಕ್ಕೆ ಎರಡು ಅರ್ಥ: ಗಳಿಸುವುದು ಮತ್ತು ಗ್ರಂಥವನ್ನು ಶೋಧಿಸಿ ಸಿದ್ಧಗೊಳಿಸುವುದು. ಈ ಪೆಟ್ಟಿಗೆಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಗುತ್ತಿಲ್ಲ. ಇಂಥ ಸಂಪುಟಗಳನ್ನು ನಾವು ಸಾಮಾನ್ಯವಾಗಿ ‘ಸಂಗ್ರಹ’ ಎಂದುಕೊಳ್ಳುತ್ತೇವೆ, ಇದ್ದದ್ದನ್ನೆಲ್ಲ ಒಂದೆಡೆ ಪೇರಿಸಿಟ್ಟದ್ದು ಎಂಬಂತೆ. ‘ಫ್ರಮ್ ದ ಟಾಪ್’ ಸಂಗ್ರಹವಲ್ಲ, ಸಂಪಾದನೆ. ಯಾವುದು ಒಳಗೆ, ಯಾವುದು ಹೊರಗೆ, ಯಾವ ಪಾಠ ಸರಿ ಎಂದು ಒಬ್ಬ ವ್ಯಕ್ತಿ ತೀರ್ಮಾನಿಸಿದ್ದಾನೆ. ಆ ಸಂಪಾದಕನೇ ಕೃತಿಯ ಸಹಕರ್ತೃ ಕೂಡ, ಕರ್ತೃವಿನ ಒಡಹುಟ್ಟಿದವನು ಕೂಡ, ಹಿಂದೆ ಉಳಿದವನು ಕೂಡ.

ಮೊದಲ ಸಿ.ಡಿ.ಯಲ್ಲಿ ಈ ಸಂಪಾದಕನಿಗೆ ಕೈಮುಗಿಯಬೇಕೆನಿಸುತ್ತದೆ. ಕ್ಯಾಲಿಫೋರ್ನಿಯಾದ ಡೌನಿ ಎಂಬ ಊರಿನ ಮಧ್ಯಮವರ್ಗದ ಮನೆಯ ಮಕ್ಕಳು ಇವರು. 1966ರಲ್ಲಿ ‘ರಿಚರ್ಡ್ ಕಾರ್ಪೆಂಟರ್ ಟ್ರಿಯೊ’ ಹೆಸರಿನಲ್ಲಿ ಹಾಲಿವುಡ್ ಬೌಲ್‌ನ ಸ್ಪರ್ಧೆ ಗೆದ್ದಾಗ ಕರೆನ್‌ಗೆ ಹದಿನಾರು. ಅವಳು ಅಲ್ಲಿ ಡ್ರಮ್ಸ್ ಬಾರಿಸಿದಳು. ಅದೇ ವರ್ಷ ಬಾಸ್ ವಾದಕ ಜೋ ಆಸ್ಬರ್ನ್ ತನ್ನ ಗ್ಯಾರೇಜಿನ ಸ್ಟುಡಿಯೊದಲ್ಲಿ ಮುದ್ರಿಸಿಕೊಂಡು ತನ್ನದೇ ಪುಟ್ಟ ಕಂಪನಿಯಿಂದ ಹೊರತಂದ ‘ಲುಕಿಂಗ್ ಫಾರ್ ಲವ್’ ಯಾರ ಗಮನಕ್ಕೂ ಬರಲಿಲ್ಲ. ಅಂಥದ್ದೆಲ್ಲ ಇಲ್ಲಿ ಸಿಗುತ್ತದೆ. ಆ ಹಾಡಿನಲ್ಲಿ ದನಿ ಇನ್ನೂ ತನ್ನ ನೆಲೆ ಹುಡುಕಿಕೊಂಡಿಲ್ಲ, ಮೇಲಿನ ಸ್ವರಗಳಲ್ಲೇ ಅಡ್ಡಾಡುತ್ತದೆ. ನಾಲ್ಕು ವರ್ಷ ಬಿಟ್ಟು ಬಂದ ‘ಕ್ಲೋಸ್ ಟು ಯು’ ಹೊತ್ತಿಗೆ ಅದು ಕೆಳಗಿಳಿದು, ಕಿವಿಯ ಪಕ್ಕದಲ್ಲೇ ಮಾತಾಡಿದಂತೆ ಮಂದ್ರದಲ್ಲಿ ನಿಂತಿದೆ. ಈ ಇಳಿತವನ್ನು ಹಾಡಿನಿಂದ ಹಾಡಿಗೆ ಕೇಳಿಸಿಕೊಳ್ಳುವುದೇ ಒಂದು ಪಾಠ. ಇಂಥದ್ದನ್ನು ಕಾಪಿಟ್ಟು ತಂದವನನ್ನು ಸುಮ್ಮನೆ ಟೀಕಿಸಲಾಗದು.

ಅದೇ ಸಿ.ಡಿ. ಇನ್ನೊಂದನ್ನೂ ನೆನಪಿಸುತ್ತದೆ. ಕರೆನ್ ತನ್ನನ್ನು ತಾನು ಹಾಡುವ ಡ್ರಮ್ಮರ್ ಎಂದೇ ಕರೆದುಕೊಳ್ಳುತ್ತಿದ್ದಳು. ಹೆಸರಾದ ಹಾಡುಗಳು ಬಂದಾಗ ಸ್ಟುಡಿಯೊದಲ್ಲಿ ಡ್ರಮ್ಸ್ ಹೆಚ್ಚಾಗಿ ಹ್ಯಾಲ್ ಬ್ಲೇನ್ ಕೈಗೆ ಹೋಯಿತು, ವೇದಿಕೆಯಲ್ಲಿ ಅವಳನ್ನು ಡ್ರಮ್ಸ್ ಹಿಂದಿನಿಂದ ಮುಂದಕ್ಕೆ ಕರೆತಂದು ನಿಲ್ಲಿಸಲಾಯಿತು. ಅವಳನ್ನು ಬೇರೆಯವರು ತಿದ್ದುವ ಕೆಲಸ ಅವಳು ಬದುಕಿದ್ದಾಗಲೇ ಶುರುವಾಗಿತ್ತು.

ಹಾಗೆಂದು ತಿದ್ದುವುದೆಲ್ಲ ತಪ್ಪೆ? 1971ರ ‘ಸೂಪರ್‌ಸ್ಟಾರ್’ ಲಿಯಾನ್ ರಸೆಲ್ ಮತ್ತು ಬಾನಿ ಬ್ರಾಮ್ಲೆಟ್ ಬರೆದ ಹಾಡು. ರೇಡಿಯೊ ಒಪ್ಪಲಿಕ್ಕಿಲ್ಲ ಎಂದು ರಿಚರ್ಡ್ ಅದರಲ್ಲಿ ಹಾಸಿಗೆಯ ಸೂಚನೆಯಿದ್ದ ಒಂದು ಪದವನ್ನು ಬದಲಿಸಿದ. ಮಡಿವಂತಿಕೆಯ ತಿದ್ದುಪಡಿ ಅದು. ಆದರೂ ಕರೆನ್ ಹಾಡಿದಾಗ ಬಯಕೆ ಕಡಿಮೆಯಾಗಲಿಲ್ಲ, ಕಾಯುವಿಕೆ ಹೆಚ್ಚಾಯಿತು. 1972ರಲ್ಲಿ ರಿಚರ್ಡ್ ಮತ್ತು ಜಾನ್ ಬೆಟಿಸ್ ರಚಿಸಿದ ‘ಗುಡ್‌ಬೈ ಟು ಲವ್’ಗೆ ಟೋನಿ ಪೆಲೂಸೊ ಎಂಬ ಯುವಕನ ಕೈಯಲ್ಲಿ ಕರಕರನೆ ಉರಿಯುವ ಗಿಟಾರ್ ನುಡಿಸಿದರು. ಮೆಲುಹಾಡು ಬಯಸಿದ್ದ ಅಭಿಮಾನಿಗಳಿಂದ ಬೈಗುಳದ ಪತ್ರಗಳು ಬಂದವು. ಇವತ್ತು ಆ ಗಿಟಾರ್ ಇಲ್ಲದೆ ಆ ಹಾಡನ್ನು ಊಹಿಸುವುದೂ ಕಷ್ಟ. ದನಿ ತಡೆಹಿಡಿದದ್ದನ್ನೆಲ್ಲ ಗಿಟಾರ್ ಹೊರಹಾಕಿಬಿಡುತ್ತದೆ. ಇದು ಅಣ್ಣನ ಕಿವಿಯ ಧೈರ್ಯ.

ಚಿಕ್ಕಪ್ಪನ ಕ್ಯಾಸೆಟ್ ಕೂಡ ‘ಮೂಲ’ವೇನಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಅದು 1973ರಲ್ಲಿ ಬಂದ ‘ದ ಸಿಂಗಲ್ಸ್ 1969–1973’. ಅದಕ್ಕಾಗಿಯೇ ರಿಚರ್ಡ್ ಹಲವು ಹಾಡುಗಳನ್ನು ಬದಲಿಸಿದ್ದ, ಕೆಲವನ್ನು ಒಂದಕ್ಕೊಂದು ಹೊಸೆದಿದ್ದ. ‘ಟಿಕೆಟ್ ಟು ರೈಡ್’ ಅನ್ನಂತೂ ಕರೆನ್ ಹೊಸದಾಗಿ ಹಾಡಿದ್ದಳು. ಅಂದರೆ ನಮ್ಮ ಮನೆಯವರೆಲ್ಲ ಮೂವತ್ತು ವರ್ಷ ಮೂಲವೆಂದು ನಂಬಿಕೊಂಡು ಬಂದದ್ದೂ ಒಂದು ಪಾಠಾಂತರವೇ.

ಹಾಗಾದರೆ ಚಿಕ್ಕಪ್ಪನ ತಕರಾರು ಬಿದ್ದುಹೋಯಿತೆ? ಇಲ್ಲ ಎಂಬುದು ನನ್ನ ವಾದ. ಕವಿಯೇ ತನ್ನ ಕೃತಿಯನ್ನು ತಿದ್ದುವುದು ಬೇರೆ, ಕವಿ ಹೋದ ಮೇಲೆ ಸಂಪಾದಕ ತಿದ್ದುವುದು ಬೇರೆ. ಎರಡನೆಯ ಸಂದರ್ಭದಲ್ಲಿ ಮೂಲದ ಪಾಠವನ್ನು ಅಡಿಟಿಪ್ಪಣಿಯಲ್ಲಾದರೂ ಕೊಡಬೇಕು, ಓದುಗನಿಗೆ ಹೋಲಿಸಿ ನೋಡುವ ದಾರಿ ಬಿಡಬೇಕು. ಹಸ್ತಪ್ರತಿಯ ಕೆಲಸ ಮಾಡುವವರೆಲ್ಲ ಮೊದಲು ಕಲಿಯುವ ಶಿಸ್ತು ಇದು. 1973ರಲ್ಲಿ ತಿದ್ದಿದಾಗ ಕರೆನ್ ಮೈಕಿನ ಮುಂದಿದ್ದಳು. ಬೇಡವೆನ್ನಬಹುದಿತ್ತು, ಮತ್ತೆ ಹಾಡಬಹುದಿತ್ತು, ಹಾಡಿದಳು ಕೂಡ. ಆಗ ಸಂಪಾದನೆ ಎಂದರೆ ಇಬ್ಬರ ಮಾತುಕತೆ. 1991ರಲ್ಲಿ ಪಿಯಾನೊ ಬದಲಾಗಬಹುದು, ಗುಂಗು ಬದಲಾಗಬಹುದು, ಅವಳ ದನಿ ಮಾತ್ರ ಬದಲಾಗದು. ಆ ದನಿ ಉತ್ತರ ಕೊಡುವುದಿಲ್ಲ. ಚಿಕ್ಕಪ್ಪನಿಗೆ ಕೇಳಿಸಿದ್ದು ಈ ಉತ್ತರವಿಲ್ಲದಿರುವಿಕೆ ಎಂದು ನಾನು ತಿಳಿದಿದ್ದೇನೆ.

ಸಂಪಾದಕನ ಅಧಿಕಾರ ಎಷ್ಟು ದೊಡ್ಡದು ಎನ್ನುವುದಕ್ಕೆ ಎರಡು ಘಟನೆ ಸಾಕು. 1979–80ರಲ್ಲಿ ರಿಚರ್ಡ್ ನಿದ್ದೆ ಮಾತ್ರೆಯ ಚಟದಿಂದ ಹೊರಬರುವ ಚಿಕಿತ್ಸೆ ಪಡೆದು ವಿಶ್ರಾಂತಿಯಲ್ಲಿದ್ದಾಗ, ಕರೆನ್ ನ್ಯೂಯಾರ್ಕಿನಲ್ಲಿ ಫಿಲ್ ರಮೋನ್ ಜೊತೆ ತನ್ನದೇ ಆಲ್ಬಂ ಮಾಡಿದಳು. ಕಂಪನಿಗೂ ರಿಚರ್ಡ್‌ಗೂ ಅದು ಹಿಡಿಸಲಿಲ್ಲ, ಬದಿಗಿಟ್ಟರು. ಅದರ ನಾಲ್ಕು ಹಾಡುಗಳು 1989ರ ‘ಲವ್‌ಲೈನ್ಸ್’ನಲ್ಲಿ ಬಂದವು, ರಿಚರ್ಡ್ ಮರುಮಿಶ್ರಣ ಮಾಡಿದ ರೂಪದಲ್ಲಿ. ಇಡೀ ಆಲ್ಬಂ ಬೆಳಕು ಕಂಡದ್ದು 1996ರಲ್ಲಿ. ಇನ್ನೊಂದು, ಟಾಡ್ ಹೇನ್ಸ್ 1987ರಲ್ಲಿ ಬಾರ್ಬಿ ಗೊಂಬೆಗಳನ್ನು ಬಳಸಿ ಕರೆನ್ ಬದುಕಿನ ಮೇಲೆ ಮಾಡಿದ ಚಿತ್ರ. ಹಾಡುಗಳಿಗೆ ಅನುಮತಿ ಪಡೆದಿಲ್ಲವೆಂದು ರಿಚರ್ಡ್ ನ್ಯಾಯಾಲಯಕ್ಕೆ ಹೋದ, 1990ರಲ್ಲಿ ಚಿತ್ರ ಚಲಾವಣೆಯಿಂದ ಹೊರಬಿತ್ತು. ಮರುವರ್ಷ ಈ ಪೆಟ್ಟಿಗೆ ಬಂತು. ತಂಗಿಯ ಕತೆಯನ್ನು ಯಾರು ಹೇಳಬೇಕು ಎಂಬ ಪ್ರಶ್ನೆಗೆ ಅಣ್ಣ ಕೊಟ್ಟ ಉತ್ತರವಾಗಿಯೂ ಇದನ್ನು ಓದಬಹುದು. ಅದರಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಪ್ರೀತಿ ಇರುವುದರಿಂದಲೇ ವಿಮರ್ಶೆ ಕಷ್ಟ.

ನಮ್ಮಂಥ ಕೇಳುಗರ ತಪ್ಪನ್ನೂ ಹೇಳಬೇಕು. ಕರೆನ್ ಅನೊರೆಕ್ಸಿಯಾದಿಂದ ಬಳಲಿ, 1983ರ ಫೆಬ್ರವರಿ 4ರಂದು, ಮೂವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡಳು. ಕಾಲಾನುಕ್ರಮದಲ್ಲಿ ಜೋಡಿಸಿದ ಪೆಟ್ಟಿಗೆ ತಾನಾಗಿಯೇ ದುರಂತನಾಟಕದ ಆಕಾರ ಪಡೆಯುತ್ತದೆ. ಅಂತ್ಯ ಗೊತ್ತಿರುವ ನಾವು ಎರಡನೇ ಅಂಕದಲ್ಲೇ ಕಣ್ಣೀರು ಹುಡುಕುತ್ತೇವೆ. ‘ರೇನಿ ಡೇಸ್ ಅಂಡ್ ಮಂಡೇಸ್’ ಬಂದಾಗ ಅವಳಿಗೆ ಇಪ್ಪತ್ತೊಂದು. ಹಾಡು ಬರೆದವರು ಪಾಲ್ ವಿಲಿಯಮ್ಸ್ ಮತ್ತು ರೋಜರ್ ನಿಕೋಲ್ಸ್. ಆ ದುಃಖ ಅವಳ ರೋಗದ ಮುನ್ಸೂಚನೆ ಎನ್ನುವುದು ಅವಳ ಕಲೆಗೆ ಮಾಡುವ ಅವಮಾನ. ಉಸಿರನ್ನು ಎಲ್ಲಿ ಮುರಿಯಬೇಕು, ಸಾಲಿನ ಕೊನೆಯ ಪದದ ಭಾರವನ್ನು ಎಷ್ಟು ಇಳಿಸಬೇಕು ಎಂಬುದನ್ನು ಬಲ್ಲವಳು ಅವಳು. ಡ್ರಮ್ಸ್ ಕಲಿತವಳ ಕಾಲದ ಲೆಕ್ಕ ಅದು. ನಾವು ನೋವು ಎಂದುಕೊಂಡದ್ದರಲ್ಲಿ ಬಹುಪಾಲು ಕೌಶಲ.

ಇಡೀ ಪೆಟ್ಟಿಗೆ ಕೇಳಿದ ಮೇಲೆ ನನ್ನ ಮನಸ್ಸು ನಿಂತದ್ದು, ಈ ಜೋಡಿಯ ಎಲ್ಲ ಕೆಲಸದಲ್ಲಿ, ತಿದ್ದಲಾಗದೆ ಉಳಿದ ಕಡೆಗಳಲ್ಲಿ. ‘ಸೂಪರ್‌ಸ್ಟಾರ್’ನ ಮುಖ್ಯ ದನಿ ಮೊದಲ ಪ್ರಯತ್ನದ್ದು, ಸಾಹಿತ್ಯವನ್ನು ಕಾಗದದ ಕರವಸ್ತ್ರದ ಮೇಲೆ ಗೀಚಿಕೊಟ್ಟಿದ್ದೆ ಎಂದು ರಿಚರ್ಡ್ ಹೇಳಿಕೊಂಡಿದ್ದಾನೆ. ವಾದ್ಯದವರಿಗೆ ದಾರಿ ತೋರಿಸಲೆಂದು ಹಾಡಿದ್ದು ಅದು, ಮತ್ತೆ ಹಾಡುವ ಅಗತ್ಯವೇ ಬೀಳಲಿಲ್ಲ. 1982ರ ಏಪ್ರಿಲ್‌ನಲ್ಲಿ ಕರೆನ್ ಹಾಡಿದ ಕೊನೆಯ ಹಾಡು ‘ನೌ’ ಕೂಡ ಅಂಥದ್ದೇ. ಮತ್ತೆ ಹಾಡಲು ಅವಳಿಗೆ ಸಮಯ ಸಿಗಲಿಲ್ಲ. ಅವಳು ಹೋದ ಮೇಲೆ ಅಣ್ಣ ಅದನ್ನು ಪೂರ್ತಿ ಮಾಡಿ ಹೊರತಂದ. ಮೊದಲನೆಯದು ಪರಿಪೂರ್ಣವೆಂದು ಉಳಿಯಿತು, ಎರಡನೆಯದು ಬೇರೆ ದಾರಿಯಿಲ್ಲದೆ ಉಳಿಯಿತು. ಕಣ್ಣು ಮುಚ್ಚಿ ಕೇಳಿದರೆ ಎರಡರ ನಡುವಿನ ವ್ಯತ್ಯಾಸ ನನಗೆ ತಿಳಿಯಲಿಲ್ಲ.

ಹೊರಡುವ ದಿನ ಪೆಟ್ಟಿಗೆಯನ್ನು ವಾಪಸ್ ಒಯ್ಯಲೇ ಎಂದು ಕೇಳಿದೆ. ಚಿಕ್ಕಪ್ಪ ಬೇಡವೆಂದರು. “ಇರಲಿ ಬಿಡು. ತಂಗಿ ಹೋದ ಮೇಲೆ ಆ ಮನುಷ್ಯ ಇನ್ನೇನು ಮಾಡಬೇಕಿತ್ತು?” ಎಂದು ಅದನ್ನು ಹಳೆಯ ಕ್ಯಾಸೆಟ್ಟಿನ ಪಕ್ಕದಲ್ಲೇ ಇಟ್ಟರು. ಎರಡು ಪಾಠಗಳೂ ಈಗ ಒಂದೇ ಕಪಾಟಿನಲ್ಲಿವೆ. ನನ್ನ ಶಿಸ್ತು ಕೇಳುವುದೂ ಅಷ್ಟನ್ನೇ.